ಯಂಗ್ಸ್‌ಟೌನ್ ಸೊರಗಿದ್ದು ಹಣೆಬರಹದಿಂದಲ್ಲ

ಅಮೆರಿಕದ ಒಹಾಯೊ ರಾಜ್ಯದ ಯಂಗ್ಸ್‌ಟೌನ್ ಬಗ್ಗೆ ಮಾತು ಬಂದರೆ ಸಾಕು, 'ಕಾಲ ಬದಲಾಯ್ತು, ಉಕ್ಕಿನ ಊರುಗಳ ಕತೆ ಮುಗೀತು' ಅಂದುಬಿಡುತ್ತಾರೆ. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಕಾಲದ ಮೇಲೆ ಹಾಕಿಬಿಟ್ಟರೆ ಯಾರೂ ಉತ್ತರ ಹೇಳಬೇಕಾಗಿಲ್ಲ, ಅಲ್ವಾ?

1930ರಲ್ಲಿ ಅಲ್ಲಿ ಸುಮಾರು 1,70,000 ಜನರಿದ್ದರು. 2020ರ ಗಣತಿಯ ಹೊತ್ತಿಗೆ ಉಳಿದವರು ಸುಮಾರು 60,000. ಒಂದು ಕಾಲಕ್ಕೆ ಮಹೋನಿಂಗ್ ನದಿಯ ದಂಡೆಯುದ್ದಕ್ಕೂ ಕುಲುಮೆಗಳು ಹಗಲೂ ರಾತ್ರಿ ಉರಿಯುತ್ತಿದ್ದವು. ಅಪ್ಪ ದುಡಿದ ಕಾರ್ಖಾನೆಗೇ ಮಗನೂ ಸೇರುತ್ತಿದ್ದ.

ಊರಿನ ದೊಡ್ಡ ಕಂಪನಿ ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್. 1969ರಲ್ಲಿ ಅದನ್ನು ಕೊಂಡಿದ್ದು ನ್ಯೂ ಆರ್ಲಿಯನ್ಸಿನ ಲೈಕ್ಸ್. ಮೂಲತಃ ಹಡಗು ಕಂಪನಿ, ಗಾತ್ರದಲ್ಲಿ ಇದಕ್ಕಿಂತ ಚಿಕ್ಕದು. ಸಾಲ ಮಾಡಿ ಕೊಂಡಿತು. ಆಮೇಲೆ ಉಕ್ಕಿನಿಂದ ಬಂದ ದುಡ್ಡು ಸಾಲಕ್ಕೆ ಹೋಯಿತು, ಹಳೇ ಕುಲುಮೆಗಳು ಹಳೆಯವಾಗಿಯೇ ಉಳಿದವು. ಜಪಾನಿನ ಉಕ್ಕು ಅಗ್ಗವಾಗಿತ್ತು, ನಿಜ. ಆದರೆ ಪೈಪೋಟಿಗೆ ಇಳಿಯಬೇಕಾದ ಕಾರ್ಖಾನೆಗೆ ದುಡ್ಡೇ ಹಾಕದಿದ್ದರೆ ಅದು ಗೆಲ್ಲುವುದಾದರೂ ಹೇಗೆ?

1977ರ ಸೆಪ್ಟೆಂಬರ್ 19, ಸೋಮವಾರ. ಕ್ಯಾಂಬೆಲ್ ಕಾರ್ಖಾನೆಯ ಹೆಚ್ಚಿನ ಭಾಗ ಮುಚ್ಚುತ್ತೇವೆ ಎಂದು ಕಂಪನಿ ಹೇಳಿತು. ಸುಮಾರು 5,000 ಕೆಲಸ ಹೋದವು. ಊರಿನವರು ಇವತ್ತಿಗೂ ಆ ದಿನವನ್ನು 'ಬ್ಲ್ಯಾಕ್ ಮಂಡೇ' ಅನ್ನುತ್ತಾರೆ. ಕೆಲವೇ ವರ್ಷಗಳಲ್ಲಿ ಊರಿನ ಇನ್ನೊಂದು ಉಕ್ಕಿನ ಕಂಪನಿ ಯುಎಸ್ ಸ್ಟೀಲ್ ಕೂಡ ಅಲ್ಲಿಂದ ಕಾಲ್ತೆಗೆಯಿತು.

ಮುಂದಿನದನ್ನು ಜಾಸ್ತಿ ಜನ ಹೇಳುವುದೇ ಇಲ್ಲ. ಊರವರು ಸುಮ್ನೆ ಕೂರಲಿಲ್ಲ. ಚರ್ಚುಗಳೆಲ್ಲ ಒಟ್ಟಾಗಿ ಕ್ಯಾಂಬೆಲ್ ಕಾರ್ಖಾನೆಯನ್ನು ನಾವೇ ಕೊಂಡು ನಡೆಸುತ್ತೇವೆ ಎಂದು ಹೊರಟವು. ಅದಕ್ಕಾಗಿ ಜನ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ದುಡ್ಡಿಟ್ಟರು. ಬೇಕಾದಷ್ಟು ಸಾಲಕ್ಕೆ ವಾಷಿಂಗ್ಟನ್ ಜಾಮೀನು ನಿಲ್ಲಬೇಕಿತ್ತು. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸರ್ಕಾರ ಆಗಲ್ಲ ಎಂದಿತು. 1980ರಲ್ಲಿ ಕಾರ್ಮಿಕರು ಯುಎಸ್ ಸ್ಟೀಲ್ ಕಚೇರಿಗೇ ನುಗ್ಗಿದರು, ಕೋರ್ಟಿಗೂ ಹೋದರು. ಸೋತರು. 1982ರಲ್ಲಿ ಕುಲುಮೆಗಳನ್ನು ಸ್ಫೋಟಿಸಿ ಕೆಡವಿದರು.

ನನಗೆ ತುಂಬಾ ಇಷ್ಟವಾದದ್ದು 2005ರ ನಗರ ಯೋಜನೆ. 'ನಾವಿನ್ನು ಚಿಕ್ಕ ಊರು' ಎಂದು ಯಂಗ್ಸ್‌ಟೌನ್ ಒಪ್ಪಿಕೊಂಡಿತು. ಯಾರೂ ಇಲ್ಲದ ಮನೆಗಳನ್ನು ಕೆಡವಿ ಆ ಜಾಗವನ್ನು ಹಸಿರಾಗಿಸುವುದು ಅದರ ಉದ್ದೇಶ. ಎಲ್ಲವೂ ಅಂದುಕೊಂಡಂತೆ ಆಗಲಿಲ್ಲ, ಬಿಡಿ. ಆದರೂ ಬೆಳೆಯುತ್ತೇವೆ ಎಂದು ಸುಳ್ಳು ಹೇಳದ ಊರಾಡಳಿತ ಎಷ್ಟು ಕಡೆ ಸಿಗುತ್ತದೆ?

2017ರ ಜುಲೈನಲ್ಲಿ ಟ್ರಂಪ್ ಇಲ್ಲಿಗೆ ಬಂದು, ಕೆಲಸಗಳು ವಾಪಸ್ ಬರುತ್ತವೆ, ಮನೆ ಮಾರಬೇಡಿ ಎಂದರು. ಪಕ್ಕದ ಲಾರ್ಡ್ಸ್‌ಟೌನಿನಲ್ಲಿ 1966ರಿಂದ ನಡೆಯುತ್ತಿದ್ದ ಜನರಲ್ ಮೋಟರ್ಸ್ ಕಾರ್ಖಾನೆ 2019ರ ಮಾರ್ಚ್‌ನಲ್ಲಿ ನಿಂತಿತು. ಅದೇ ವರ್ಷ ಆಗಸ್ಟ್‌ನಲ್ಲಿ, ಯಂಗ್ಸ್‌ಟೌನಿನ 150 ವರ್ಷದ ದಿನಪತ್ರಿಕೆ 'ದಿ ವಿಂಡಿಕೇಟರ್' ಕೊಳ್ಳುವವರು ಸಿಗದೆ ನಿಂತಿತು. ಪಕ್ಕದ ವಾರೆನ್ ಊರಿನ ಪತ್ರಿಕೆ ಆ ಹೆಸರನ್ನು ಕೊಂಡುಕೊಂಡಿತು.

ಈಗ ಲಾರ್ಡ್ಸ್‌ಟೌನಿನಲ್ಲಿ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಕಾರ್ಖಾನೆ ಎದ್ದಿದೆ. ಜನರಲ್ ಮೋಟರ್ಸ್ ಮತ್ತು ಕೊರಿಯಾದ ಎಲ್‌ಜಿ ಸೇರಿ ಕಟ್ಟಿದ್ದು. ಒಳ್ಳೆಯದೇ. ನನ್ನ ತಕರಾರು ಒಂದೇ: ನಾಳೆ ಇದನ್ನು ಮುಚ್ಚಬೇಕಾ ಬೇಡವಾ ಎಂದು ತೀರ್ಮಾನಿಸುವ ಮೀಟಿಂಗಿನಲ್ಲಿ ಆ ಊರಿನ ಒಬ್ಬರಾದರೂ ಕೂತಿರುತ್ತಾರಾ?