2,146 ರೂಪಾಯಿಯ ಮಂಡೆಬೆಚ್ಚ

ನಿನ್ನೆ ರಾತ್ರಿ ಎಂಟೂವರೆಗೆ ಅಮ್ಮ ಗಂಜಿ ಬಡಿಸುತ್ತಿರುವಾಗ ಅವರ ಮೊಬೈಲ್ ರಿಂಗ್ ಆಯ್ತು. ನನ್ನದಲ್ಲ, ಅಮ್ಮನದ್ದು. ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ಅಭ್ಯಾಸ. ಆ ಕಡೆಯವ ಹಿಂದಿಯಲ್ಲಿ ಶುರು ಮಾಡಿದ. ಅಮ್ಮ "ಹಾಂ? ಹಾಂ?" ಅಂದದ್ದಕ್ಕೆ ಅರ್ಧಂಬರ್ಧ ಕನ್ನಡಕ್ಕೆ ಇಳಿದ. "ನಿಮ್ಮ ಮಗಳ ಮೇಲೆ ಕೇಸ್ ಆಗಿದೆ. ನಾಳೆ ಹನ್ನೊಂದು ಗಂಟೆ ಒಳಗೆ ದುಡ್ಡು ಕಟ್ಟದಿದ್ರೆ ಪೊಲೀಸ್ ಮನೆಗೆ ಬರ್ತಾರೆ." ಅಮ್ಮನ ಕೈಯ ಸೌಟು ಗಂಜಿ ಪಾತ್ರೆಗೇ ಬಿತ್ತು. "ಮಗಾ, ಪೊಲೀಸ್ ಬರ್ಪೆರಾ?" ಅಂತ ಕೇಳಿದಾಗ ಅವರ ಮುಖ ಇದ್ದ ರೀತಿ ನೋಡಿ ಬಂದ ಕೋಪ ಇವತ್ತಿನವರೆಗೂ ಇಳಿಯಲಿಲ್ಲ. ಅದಕ್ಕೇ ಬರೀತಿದ್ದೇನೆ.

ಎಷ್ಟು ದುಡ್ಡು ಅಂತ ಕೇಳಿ ಮಾರ್ರೆ. 2,146 ರೂಪಾಯಿ.

2021ರಲ್ಲಿ ನಾನು ಮಂಗಳೂರಿನ ಬಿಜೈಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಇಂಟರ್ನೆಟ್ ಕನೆಕ್ಷನ್ ತೆಗೊಂಡಿದ್ದೆ. ಗಾಳಿಮಳೆ ಬಂದ್ರೆ ಎರಡು ದಿನ ಇಲ್ಲ, ಮರದ ಗೆಲ್ಲು ಬಿದ್ರೆ ನಾಲ್ಕು ದಿನ ಇಲ್ಲ. ಅದು ಬೇರೆಯೇ ಕಥೆ, ಬಿಡಿ. ಆ ವರ್ಷ ಚೌತಿ ಕಳೆದು ಮನೆ ಖಾಲಿ ಮಾಡಿ ಕಾಪುವಿಗೆ ಅಮ್ಮನ ಹತ್ತಿರ ಬಂದೆ. ಬರುವ ಮೊದಲು ಅಷ್ಟೂ ಬಿಲ್ ಕಟ್ಟಿ, ಮೋಡೆಮ್ಮನ್ನು ಸೀರೆ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಅವರ ಆಫೀಸಿಗೇ ಹೋಗಿ ಕೊಟ್ಟು, ಚೀಟಿ ತೆಗೊಂಡು ಬಂದವಳು ನಾನು. ಈಗ ಆ ಕಂಪನಿಯ ಹೆಸರಲ್ಲಿ ಬಾಕಿ ವಸೂಲಿಗೆ ಫೋನ್ ಮಾಡುವವರು ಹೇಳ್ತಾರೆ, ಮೋಡೆಮ್ ವಾಪಸ್ ಕೊಡದ್ದಕ್ಕೆ 1,500, ಬಾಕಿ ಬಿಲ್ 646 ಅಂತ.

ಆ ಚೀಟಿ ನನ್ನ ಹತ್ತಿರ ಉಂಟು. ಟ್ರಂಕಿನ ಅಡಿಯಿಂದ ಹುಡುಕಿ ತೆಗೆದೆ. ಆದರೆ ಅದು ಬಸ್ ಟಿಕೆಟಿನ ಹಾಗಿನ ಕಾಗದ. ಪ್ರಿಂಟ್ ಆದದ್ದೆಲ್ಲ ಮಾಸಿ ಬೆಳ್ಳಗಾಗಿದೆ. ಕಂಪನಿಯ ಹೆಸರಿಲ್ಲ, ಅಕೌಂಟ್ ನಂಬರ್ ಇಲ್ಲ. ಉಳಿದದ್ದು ಕೌಂಟರಿನ ಹುಡುಗ ನೀಲಿ ಬಾಲ್ ಪೆನ್ನಿನಲ್ಲಿ ಗೀಚಿದ ಸಹಿ ಮತ್ತು ತಾರೀಕು ಮಾತ್ರ. ಖಾಲಿ ಕಾಗದದ ಮೇಲೆ ಒಂದು ಸಹಿ! ನಾಲ್ಕು ವರ್ಷದ ಹಳೇ ಬಾಕಿ ಅವರ ಕಂಪ್ಯೂಟರಿನಲ್ಲಿ ಚಂದ ಉಳೀತದೆ, ನಮಗೆ ಕೊಟ್ಟ ರಶೀದಿ ಮಾತ್ರ ಮಳೆಗಾಲ ಎರಡು ಕಳೆಯುವಷ್ಟರಲ್ಲಿ ಮಾಯ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. "ಒಂದು ಒತ್ತಿ, ಎರಡು ಒತ್ತಿ" ಮುಗಿದು ಮನುಷ್ಯರು ಸಿಗುವಾಗ ನಾನಿದ್ದ ಬಸ್ಸು ಪಡುಬಿದ್ರಿ ದಾಟಿ ಹೆಜಮಾಡಿ ಟೋಲಿಗೆ ಬಂದಿತ್ತು. ಅವಳು ಹೇಳಿದ್ದು, "ಮೇಡಂ, ಈ ನಂಬರಿನ ಅಕೌಂಟ್ ಕ್ಲೋಸ್ ಆಗಿದೆ, ನೀವು ನಮ್ಮ ಗ್ರಾಹಕರಲ್ಲ, ಹಾಗಾಗಿ ದೂರು ತೆಗೊಳ್ಳಲಿಕ್ಕೆ ಆಗುವುದಿಲ್ಲ." ಹಾಗಾದರೆ ಬಾಕಿ ಎಲ್ಲಿಂದ ಬಂತು? "ಅದು ರಿಕವರಿಯವರನ್ನು ಕೇಳಿ." ರಿಕವರಿಯವನನ್ನು ಕೇಳಿದ್ರೆ, "ಅದು ಕಂಪನಿಯನ್ನು ಕೇಳಿ ಮೇಡಂ, ನಮಗೆ ಲಿಸ್ಟ್ ಕೊಟ್ಟಿದ್ದಾರೆ." ಟ್ರಾಯ್‌ನ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2012ರ ನಿಯಮದ ಪ್ರಕಾರ ದೂರು ಕೊಟ್ಟರೆ ಡಾಕೆಟ್ ನಂಬರ್, ಅಂದ್ರೆ ದೂರಿನ ನಂಬರ್, ಕೊಡಬೇಕು, ಪರಿಹಾರ ಸಮಾಧಾನ ಆಗದಿದ್ದರೆ ಕಂಪನಿಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಗ್ರಾಹಕಳೇ ಅಲ್ಲ ಅಂದ ಮೇಲೆ ದೂರೇ ಇಲ್ಲ, ದೂರಿಲ್ಲದೆ ಡಾಕೆಟ್ ಇಲ್ಲ, ಡಾಕೆಟ್ ಇಲ್ಲದೆ ಮೇಲ್ಮನವಿ ಎಂತದ್ದು? ಟ್ರಾಯ್‌ಗೇ ಬರೆಯುವ ಅಂದ್ರೆ ಅವರು ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಸಾಲಗಾರಳಾಗಲಿಕ್ಕೆ ಮಾತ್ರ ನಾನು ಅವರ ಗ್ರಾಹಕಳು.

ರಾತ್ರಿ ಹೊತ್ತು ಫೋನ್ ಮಾಡಬಾರದು ಅಂತ ರೂಲ್ಸ್ ಉಂಟಲ್ವಾ ಅಂತ ಜೋರು ಮಾಡಿದ್ದೆ ಒಮ್ಮೆ. ರಿಕವರಿಯ ಹುಡುಗ ನಗಾಡಿದ. "ಬೆಳಿಗ್ಗೆ ಎಂಟರಿಂದ ಸಂಜೆ ಏಳು ಅನ್ನುವುದು ರಿಸರ್ವ್ ಬ್ಯಾಂಕಿನದ್ದು ಮೇಡಂ, ಬ್ಯಾಂಕ್ ಸಾಲಕ್ಕೆ. ನಮಗಲ್ಲ." ಹುಡುಕಿ ನೋಡಿದ್ರೆ ಅವ ಹೇಳಿದ್ದು ಸರಿಯೇ! ನನಗಿಂತ ಕಾನೂನು ಅವನಿಗೆ ಗೊತ್ತು. ಹಾಗಿದ್ರೆ ಬಿಲ್ ಕಟ್ಟದ್ದಕ್ಕೆ ಪೊಲೀಸ್ ಬರುವುದಿಲ್ಲ ಅಂತಲೂ ಅವನಿಗೆ ಗೊತ್ತಿರಬೇಕಲ್ಲ. ಇದು ಸಿವಿಲ್ ವಿಷಯ. ವಂಚನೆ ಕೇಸ್ (ಹಳೇ ಐಪಿಸಿಯ 420) ಆಗಬೇಕಾದ್ರೆ ಮೊದಲಿಂದಲೂ ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸಬೇಕು. ಅದನ್ನು ಅಮ್ಮನಿಗೆ ಮಾತ್ರ ಯಾರೂ ಹೇಳುವುದಿಲ್ಲ.

ಕಳೆದ ವಾರ ವಾಟ್ಸಾಪಿನಲ್ಲಿ ನೋಟಿಸ್ ಬಂತು. ಮೇಲೆ ತಕ್ಕಡಿಯ ಚಿತ್ರ, ಕೆಳಗೆ ಕೆಂಪು ಶಾಯಿಯ ಉರುಟು ಸೀಲು, ದೊಡ್ಡ ಅಕ್ಷರದಲ್ಲಿ "ಲೋಕ ಅದಾಲತ್". ಶನಿವಾರ ದೆಹಲಿಯಲ್ಲಿ ಹಾಜರಾಗಬೇಕಂತೆ. ನನ್ನ ವಿಳಾಸ ಅದರಲ್ಲಿ "ಬಿಜೈ, ಮಂಗಳೂರು, ಕೇರಳ". ಊರು ಯಾವ ರಾಜ್ಯದಲ್ಲಿ ಉಂಟು ಅಂತ ಗೊತ್ತಿಲ್ಲದವರು ನನ್ನನ್ನು ಕೋರ್ಟಿಗೆ ಕರೀತಾರೆ. ಅಂಥದ್ದೇ ಒಂದು ನನ್ನ ಹಳೇ ಮನೆ ಓನರ್ ಆಂಟಿಗೂ ಹೋಗಿದೆ, ಯಾಕೆಂದರೆ ಅರ್ಜಿಯಲ್ಲಿ ಅವರ ನಂಬರ್ ಬರೆದಿದ್ದೆ. ಅವರು ಪಾಪ ಫೋನ್ ಮಾಡಿ "ಎಂತ ಆಯ್ತು ನಿಂಗೆ, ದುಡ್ಡಿಗೆ ಕಷ್ಟವಾ?" ಅಂದ್ರು. ಮರ್ಯಾದೆ ಹೋದದ್ದು 2,146ರ ಲೆಕ್ಕದಲ್ಲಿ ಸೇರಿದೆಯೋ ಇಲ್ಲವೋ.

ಲಾಯರ್ ಹತ್ತಿರ ಹೋದೆ. ಒಂದು ಉತ್ತರ ನೋಟಿಸಿಗೆ 3,500 ಅಂದ್ರು. ಅವರದ್ದೂ ತಪ್ಪಲ್ಲ, ಅವರಿಗೂ ಹೊಟ್ಟೆ ಉಂಟು. ಆದರೆ ಈ ಕಂಪನಿಗಳ ಇಡೀ ಲೆಕ್ಕಾಚಾರ ನಿಂತಿರುವುದೇ ಇದರ ಮೇಲೆ. ಎರಡು ಸಾವಿರಕ್ಕೆ ಯಾರು ಮೂರೂವರೆ ಸಾವಿರ ಖರ್ಚು ಮಾಡ್ತಾರೆ? ಪಿರಿಪಿರಿ ತಪ್ಪಲಿ ಅಂತ ಕಟ್ಟಿ ಬಿಡ್ತಾರೆ. ನಮ್ಮ ಆಫೀಸಿನಲ್ಲೇ ಇಬ್ಬರು ಹಾಗೆ ಕಟ್ಟಿದ್ದಾರೆ. "ಸತ್ತು ಹೋಗ್ಲಿ ಅಂತ ಬಿಸಾಡಿದೆ" ಅಂದ ಒಬ್ಬ.

ಅಷ್ಟರಲ್ಲಿ ದೊಡ್ಡಮ್ಮನ ಮಗ (ಉಡುಪಿ ಕೋರ್ಟಿನಲ್ಲಿ ಜೂನಿಯರ್, ಕರಿ ಕೋಟು ಹಾಕಿ ಎರಡು ವರ್ಷ ಆಯ್ತಷ್ಟೆ) ಮನೆಗೆ ಬಂದ. ನೋಟಿಸ್ ನೋಡಿ ಮೊದಲು ಕೇಳಿದ್ದು, "ಅಕ್ಕ, ಏನಾದ್ರೂ ಕಟ್ಟಿದ್ಯಾ?" ಇಲ್ಲ ಅಂದೆ. "ನೂರು ರೂಪಾಯಿ ಟೋಕನ್ ಹಾಕಿ ಅಂತ ಹೇಳಿರಬೇಕಲ್ಲ?" ಹೌದು, ಮೂರು ಸಲ ಹೇಳಿದ್ದಾರೆ! ಇಂಥ ಬಾಕಿಗೆ ದಾವೆ ಹಾಕಲಿಕ್ಕೆ ಇರುವುದು ಮೂರು ವರ್ಷ, 1963ರ ಕಾಲಮಿತಿ ಕಾಯ್ದೆ. ಆ ಮೂರು ವರ್ಷದೊಳಗೆ ಸ್ವಲ್ಪ ಹಣ ಕಟ್ಟಿದರೂ, ಬಾಕಿ ಉಂಟು ಅಂತ ಬರೆದು ಸಹಿ ಮಾಡಿದರೂ ಲೆಕ್ಕ ಹೊಸದಾಗಿ ಶುರುವಾಗ್ತದೆ. ಅವಧಿ ಮುಗಿದ ಮೇಲೆಯೂ "ಕೊಡ್ತೇನೆ" ಅಂತ ಬರೆದು ಸಹಿ ಹಾಕಿದ್ರೆ ಸತ್ತ ಸಾಲಕ್ಕೆ ಜೀವ ಬರ್ತದೆ. ನಾನು ಒಂದು ಸಲ ನೂರು ಹಾಕುವ ಅಂತ ಗೂಗಲ್ ಪೇ ತೆರೆದವಳು ಮಾರ್ರೆ. ಬಸ್ಸಿನಲ್ಲಿ ನೆಟ್‌ವರ್ಕ್ ಇರಲಿಲ್ಲ, ಬಚಾವ್.

ಮತ್ತೆ ಅವ ಹೇಳಿದ್ದು ಕೇಳಿ ನನಗೆ ಕೋಪ ಇನ್ನೂ ಹೆಚ್ಚಾಯ್ತು. ಅವನ ಮೇಲಲ್ಲ, ಇಷ್ಟು ದಿನ ಇದು ನನ್ನ ಕಿವಿಗೆ ಬೀಳಲೇ ಇಲ್ಲವಲ್ಲ ಅಂತ. ಲಾಯರಿಗೆ ದುಡ್ಡೇ ಕೊಡಬೇಕಾಗಿರಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಉಂಟು, ಆದಾಯ ಎಷ್ಟೇ ಇರಲಿ. 15100ಕ್ಕೆ ಫೋನ್ ಮಾಡಬಹುದು, ಕೋರ್ಟಿನಲ್ಲಿರುವ ಪ್ರಾಧಿಕಾರದ ಆಫೀಸಿಗೆ ನೇರ ಹೋಗಲೂಬಹುದು. ಮಂಗಳೂರಿನಲ್ಲಿ ಖಾಯಂ ಜನತಾ ನ್ಯಾಯಾಲಯ (ಪರ್ಮನೆಂಟ್ ಲೋಕ ಅದಾಲತ್) ಉಂಟು, ಟೆಲಿಫೋನ್ ಸೇವೆ ಅದರ ವ್ಯಾಪ್ತಿಗೇ ಬರ್ತದೆ, ಶುಲ್ಕ ಇಲ್ಲ. ಇನ್ನು ನಿಜವಾದ ಮಾಮೂಲಿ ಲೋಕ ಅದಾಲತ್ ಅಂದ್ರೆ ಎರಡೂ ಕಡೆಯವರು ಒಪ್ಪಿದರೆ ಮಾತ್ರ ರಾಜಿ. ಹೆದರಿಸುವ ಜಾಗ ಅಲ್ಲ ಅದು. ಆ ಹೆಸರನ್ನೇ ಇವರು ಗುಮ್ಮ ಮಾಡಿ ಇಟ್ಟಿದ್ದಾರೆ.

ಗ್ರಾಹಕರ ಆಯೋಗಕ್ಕೂ ಹೋಗಬಹುದಂತೆ. ಟೆಲಿಫೋನ್ ಜಗಳ ಅಲ್ಲಿಗೆ ಬರುವುದಿಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 1885ರ ಟೆಲಿಗ್ರಾಫ್ ಕಾಯ್ದೆ ಹಿಡಿದುಕೊಂಡು. ಬ್ರಿಟಿಷರ ಕಾಲದ ತಂತಿ ಕಾಯ್ದೆ ನನ್ನ ವೈಫೈಗೆ ಅಡ್ಡ! ಕೊನೆಗೆ 2022ರ ಫೆಬ್ರವರಿ 16ರಂದು ಅದೇ ಕೋರ್ಟ್, ಗ್ರಾಹಕ ವೇದಿಕೆಗೆ ಹೋಗಲಿಕ್ಕೆ ಅಡ್ಡಿ ಇಲ್ಲ ಅಂದಿತು. ಈಗ ನಾವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಐದು ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರು ಬೇಕೆಂದೂ ಇಲ್ಲ. ಗ್ರಾಹಕರ ಪರ ಹೋರಾಡಿದ ಬಸ್ರೂರಿನ ಬಳಕೆದಾರರ ವೇದಿಕೆ, ಅದರ ಡಾ. ರವೀಂದ್ರನಾಥ ಶಾನುಭಾಗರು ಅಂತೆಲ್ಲ ಸಣ್ಣದಿರುವಾಗ ಪೇಪರಿನಲ್ಲಿ ಓದಿ ಬೆಳೆದವಳು ನಾನು. ಅಂಥ ಊರಿನವಳಿಗೇ ಇದು ಗೊತ್ತಿಲ್ಲ ಅಂದ್ರೆ ಅಮ್ಮನಂಥವರು ಎಂತ ಮಾಡಬೇಕು?

ಬಾಕಿ ಬಿಲ್ಲಿನ ಮೆಸೇಜ್ ದಿನಕ್ಕೆ ಆರು ಬರ್ತದೆ. ಅದರಲ್ಲಿ ಒಂದರ ಕೆಳಗಾದರೂ "ತಕರಾರು ಇದ್ದರೆ ಇಲ್ಲಿಗೆ ಹೋಗಿ" ಅಂತ ಒಂದು ಸಾಲು? ಇಲ್ಲ. ಕಟ್ಟುವ ಲಿಂಕ್ ಮಾತ್ರ ನೀಲಿ ಬಣ್ಣದಲ್ಲಿ ಹೊಳೀತದೆ.

ಇವತ್ತು 1915ಕ್ಕೆ, ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ಕನ್ನಡದಲ್ಲೇ ದೂರು ಬರೆಸಿದೆ. ಕಂಪನಿ ಕೊಡದ ಡಾಕೆಟ್ ನಂಬರ್ ಅಲ್ಲಿ ಸಿಕ್ಕಿತು. ಮಾಸಿದ ಚೀಟಿಯನ್ನು ಅಮ್ಮ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿಗೆ ಸೇರಿಸಿ ಕಪಾಟಿನಲ್ಲಿ ಇಟ್ಟಿದ್ದಾರೆ. ಗೇಟಿನ ಸದ್ದಾದರೆ ಎದ್ದು ಹೋಗಿ ನೋಡ್ತಾರೆ. ಶುಕ್ರವಾರ ಮಂಗಳೂರು ಕೋರ್ಟಿಗೆ ಹೋಗಲಿಕ್ಕೆ ರಜೆ ಹಾಕಿದ್ದೇನೆ. ರಜೆ ಬಾಕಿ ಇಲ್ಲದ ಕಾರಣ ಆ ದಿನದ ಸಂಬಳ ಕಟ್.