ಟಾರ್ಗೆಟ್ ಇರುವ ಕುರ್ಚಿಯಲ್ಲಿ ಒಳ್ಳೆಯವರಾಗಿರುವುದು

ಮಲ್ಪೆಯಲ್ಲಿ ಮೀನು ಮಾರುವ, ನಮಗೆ ಗುರುತಿನ ಅಮ್ಮ ಒಬ್ಬರು ಬ್ಯಾಂಕಿಗೆ ಎಫ್‌ಡಿ ಮಾಡಿಸಲು ಹೋಗಿ ವಿಮೆ, ಮಾರುಕಟ್ಟೆ ಹೂಡಿಕೆ ಎರಡೂ ಸೇರಿದ ಯುಲಿಪ್ ಪಾಲಿಸಿ ಮಾಡಿಸಿಕೊಂಡು ಬಂದರು. ವರ್ಷ ವರ್ಷ ಕಂತು ಕಟ್ಟಬೇಕು, ಐದು ವರ್ಷ ದುಡ್ಡು ತೆಗೆಯುವ ಹಾಗಿಲ್ಲ. ಅವರಿಗೆ ಇದೊಂದೂ ಗೊತ್ತಿರಲಿಲ್ಲ. "ಇಲ್ಲಿ ಸಹಿ ಹಾಕಿ ಅಮ್ಮ ಅಂದ್ರು, ಹಾಕಿದೆ" ಅಂತ ಸೊಂಟದ ಚೀಲದಿಂದ ರಸೀದಿ ತೆಗೆದು ತೋರಿಸಿದರು. ಒದ್ದೆ ಕೈಯಲ್ಲಿ ಬಿಚ್ಚಿ ಮಡಚಿ, ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿತ್ತು. ಪುಣ್ಯಕ್ಕೆ ಪಾಲಿಸಿ ಕೈಗೆ ಬಂದು 30 ದಿನ ಆಗಿರಲಿಲ್ಲ. ಅಷ್ಟರೊಳಗೆ ಬೇಡ ಅಂತ ಬರೆದುಕೊಟ್ಟರೆ, ಸ್ವಲ್ಪ ಖರ್ಚು ಮುರಿದುಕೊಂಡು ಉಳಿದದ್ದನ್ನು ವಾಪಸ್ ಕೊಡಲೇಬೇಕು.

ಆ ಪಾಲಿಸಿ ಮಾಡಿಸಿದ ಬ್ಯಾಂಕ್ ಅಧಿಕಾರಿಗೆ ಬೈಯುವುದು ಸುಲಭ. ಬ್ಯಾಂಕಿನಲ್ಲೇ ಇರುವ ನಮ್ಮ ಪಕ್ಕದ ಮನೆಯ ಹುಡುಗನ ಹತ್ತಿರ ಈ ವಿಷಯ ತೆಗೆದೆ. "ನಿಮಗೆ ಹೇಳುದು ಸುಲಭ ಮಾರಾಯ್ರೆ. ನಾನು ಮಾಡದಿದ್ರೆ ಪಕ್ಕದ ಟೇಬಲಿನವ ಮಾಡ್ತಾನೆ. ಸಂಜೆ ಮೀಟಿಂಗಲ್ಲಿ ಬೈಸಿಕೊಳ್ಳುದು ಮಾತ್ರ ನಾನು" ಅಂದ. ಸುಳ್ಳಲ್ಲ. ಸಂಬಳ ಕೊಡುವವರ ಮಾತು ಕೇಳಬೇಕು, ನಂಬಿ ಬಂದ ಗಿರಾಕಿಯ ಹಿತ ನೋಡಬೇಕು, ಮನೆಯ ಇಎಂಐ ಕೂಡ ಕಟ್ಟಬೇಕು. ಮೂರೂ ನಿಜವಾದ ಹೊಣೆಗಳೇ.

ಇಂಥಲ್ಲಿ ಯಾವ ಹೊಣೆ ದೊಡ್ಡದು ಅಂತ ತೂಕಕ್ಕೆ ಹಾಕುವುದಕ್ಕಿಂತ, ಒಳ್ಳೆಯ ಬ್ಯಾಂಕಿನವ ಆಗಿದ್ದರೆ ಇಲ್ಲಿ ಏನು ಮಾಡುತ್ತಿದ್ದ ಅಂತ ಕೇಳುವುದು ನನಗೆ ಸರಿ ಕಾಣುತ್ತದೆ. ಅರಿಸ್ಟಾಟಲ್ ಹಿಡಿದ ದಾರಿಯೂ ಹೆಚ್ಚು ಕಡಿಮೆ ಇದೇ. ಮನೆ ಕಟ್ಟಿ ಕಟ್ಟಿಯೇ ಮೇಸ್ತ್ರಿ ಆಗುವ ಹಾಗೆ, ನ್ಯಾಯವಾಗಿ ನಡೆದು ನಡೆದೇ ಮನುಷ್ಯ ನ್ಯಾಯವಂತ ಆಗುತ್ತಾನೆ ಅಂತ ಅವನ ವಾದ. ನನಗೆ ಹೆದರಿಕೆ ಆಗುವುದು ಇಲ್ಲೇ. ಅರ್ಧ ಹೇಳಿ ಅರ್ಧ ನುಂಗುವುದೂ ಹಾಗೇ ರೂಢಿ ಆಗುತ್ತದಲ್ವಾ? ಇಪ್ಪತ್ತಮೂರಕ್ಕೆ ಕೆಲಸಕ್ಕೆ ಸೇರಿದ ಹುಡುಗನಿಗೆ ನಾವು ದಿನಾ ಅದನ್ನೇ ಅಭ್ಯಾಸ ಮಾಡಿಸುತ್ತಿದ್ದೇವೆ.

ಹಾಗಂತ ಎಲ್ಲ ಭಾರವನ್ನೂ ಅವನ ಗುಣದ ಮೇಲೆ ಹಾಕುವುದು ಅನ್ಯಾಯ. ದಿನಾ ಧೈರ್ಯ ತೋರಿಸು ಅಂತ ಕೌಂಟರಿನಲ್ಲಿ ಕೂತವನಿಗೆ ಹೇಳಿ, ಇಷ್ಟು ಪಾಲಿಸಿ ಮಾರಲೇಬೇಕು ಅಂತ ಟಾರ್ಗೆಟ್ ಹಾಕಿದವರನ್ನು ಸುಮ್ನೆ ಬಿಡುವುದಾ?

ನಮ್ಮ ಊರಲ್ಲೇ ಬೇರೆ ಲೆಕ್ಕಾಚಾರವೂ ಇತ್ತು. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಅನ್ನುವ ಸಣ್ಣ ಉಳಿತಾಯದ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಏಜೆಂಟರೆಲ್ಲ ದೇವರಂಥವರು ಅಂತ ನಾನು ಹೇಳುವುದಿಲ್ಲ, ದುಡ್ಡು ನುಂಗಿದವರ ಕಥೆಗಳೂ ಇವೆ. ಆದರೆ ಅವರಿಗೆ ಕಮಿಷನ್ ಬರುತ್ತಿದ್ದದ್ದು ಜನ ಉಳಿಸಿದ ದುಡ್ಡಿನ ಲೆಕ್ಕದ ಮೇಲೆ. ಗಿರಾಕಿ ಜಾಸ್ತಿ ಉಳಿಸಿದಷ್ಟು ಏಜೆಂಟರಿಗೂ ಜಾಸ್ತಿ. ಅಲ್ಲಿ ಸಾಧಾರಣ ಮನುಷ್ಯ ದೊಡ್ಡ ಧೈರ್ಯ ಏನೂ ಮಾಡದೆ ಪ್ರಾಮಾಣಿಕನಾಗಿ ಇರಬಹುದಿತ್ತು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು, ಅದು ಬೇರೆ ಮಾತು.

ಟಾರ್ಗೆಟ್ಟೇ ಬೇಡ ಅಂದರೆ ಯಾರೂ ಕೇಳುವುದಿಲ್ಲ, ಗೊತ್ತು. ಲೆಕ್ಕವನ್ನಾದರೂ ಬದಲಾಯಿಸಲಿ. ಪಾಲಿಸಿ ಮಾರಿದ್ದಕ್ಕೆ ಬ್ರ್ಯಾಂಚಿಗೆ ಅಂಕ ಕೊಡುವಾಗ, 30 ದಿನದೊಳಗೆ ವಾಪಸ್ ಬಂದದ್ದನ್ನೂ ಎರಡನೇ ಕಂತು ಕಟ್ಟದೆ ನಿಂತುಹೋದದ್ದನ್ನೂ ಅದರಲ್ಲಿ ಕಳೆಯಲಿ. ಕಳೆದ ಅಂಕ ಮಾರಿದ ಹುಡುಗನ ಹೆಸರಿಗಲ್ಲ, ಟಾರ್ಗೆಟ್ ಕಳಿಸಿದ ಮೇಲಿನವರ ಹೆಸರಿಗೆ ಬೀಳಲಿ.