ಐದು ತರಗತಿಯ ಕ್ಷೇತ್ರಕಾರ್ಯ ಸಾಲದು

ಕೊಡಗಿನ ಪದವಿ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಪರಿಸರ ಅಧ್ಯಯನದ ಪಾಠವೂ ಹಲವು ವರ್ಷ ನನ್ನ ಪಾಲಿಗೆ ಬಂದಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಗುಡ್ಡಗಳು ಕುಸಿದವಲ್ಲ, ಅದರ ಮರುವರ್ಷ ವಿದ್ಯಾರ್ಥಿನಿಯೊಬ್ಬಳು ಅಮೆಜಾನ್ ಕಾಡಿನ ನಾಶದ ಬಗ್ಗೆ ಅಂದವಾದ ಪ್ರಾಜೆಕ್ಟ್ ಪುಸ್ತಕ ಒಪ್ಪಿಸಿದ್ದಳು. ಅವಳ ಮನೆಯ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಜರಿದು, ಅಡುಗೆಮನೆಯ ಕಿಟಕಿಯವರೆಗೆ ಮಣ್ಣು ಬಂದು ನಿಂತಿತ್ತೆಂಬುದು ನನಗೆ ತಿಳಿದದ್ದು ಹಾಜರಿ ಕಡಿಮೆಯಾದ ಕಾರಣವನ್ನು ವಿಚಾರಿಸಿದಾಗ. ಆ ಬರೆಯ ಬಗ್ಗೆಯೇ ಬರೆಯಬಹುದಿತ್ತಲ್ಲ ಎಂದರೆ, "ಅದು ಸಿಲೆಬಸ್‌ನಲ್ಲಿ ಬರುತ್ತದಾ ಮೇಡಂ?" ಎಂದು ಕೇಳಿದಳು.

ಅವಳ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ನಿರ್ದೇಶನ ನೀಡಿತು. ಅದರ ಫಲವಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯವೊಂದನ್ನು ರೂಪಿಸಿತು. ಆ ಮೊದಲ ಪಠ್ಯದಲ್ಲಿದ್ದ 50 ತರಗತಿಗಳಲ್ಲಿ ಕ್ಷೇತ್ರಕಾರ್ಯಕ್ಕೆ ಮೀಸಲಾಗಿದ್ದದ್ದು 5. ಎಲ್ಲರಿಗೂ ಅರಿವು ಮೂಡಿಸುವ ಪಠ್ಯಕ್ಕೆ ಅಷ್ಟು ಸಾಕೆಂದು ಬೇಕಾದರೆ ಒಪ್ಪಿಕೊಳ್ಳೋಣ. ಆದರೆ ಪರಿಸರ ವಿಜ್ಞಾನವನ್ನೋ ಭೂವಿಜ್ಞಾನವನ್ನೋ ಮುಖ್ಯ ವಿಷಯವಾಗಿ ಆರಿಸಿಕೊಂಡವರಿಗೂ ಒಂದು ದಿನದ ಬಸ್ ಪ್ರವಾಸ, ನಾಲ್ಕು ಫೋಟೊ, ಹತ್ತು ಪುಟದ ವರದಿಯಲ್ಲಿ ಕ್ಷೇತ್ರಕಾರ್ಯ ಮುಗಿದುಹೋಗುವುದನ್ನು ನಾನು ಒಪ್ಪಲಾರೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಭೂವಿಜ್ಞಾನದ ಪದವಿ ಬೇಕೆಂದರೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಕೆಲವು ವಾರಗಳ ಬೇಸಿಗೆಯ ಕ್ಷೇತ್ರ ಶಿಬಿರವನ್ನೂ ಪೂರೈಸಿರಬೇಕು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ನಾಲ್ಕು ವರ್ಷದ ಪದವಿಯಲ್ಲಿ ಕಾರ್ಯಾನುಭವ ಪಠ್ಯದ ಅಂಗವೇ ಆಗಿದೆ.

ಮೂಲವಿಜ್ಞಾನಗಳ ಹೊರೆ ಹೆಚ್ಚಾಯಿತು, ಪರಿಸರ ವಿಜ್ಞಾನಕ್ಕೆ ಅಷ್ಟೊಂದು ಗಣಿತ, ರಸಾಯನಶಾಸ್ತ್ರ ಯಾಕೆ ಎಂದು ಪೋಷಕರು ಕೇಳುವುದುಂಟು. ಇದಕ್ಕೆ ಉತ್ತರ ನಮ್ಮ ಬರೆಗಳಲ್ಲೇ ಇದೆ. ನಮ್ಮ ಗುಡ್ಡದ ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವು ಮಳೆನೀರಿನೊಂದಿಗೆ ವರ್ತಿಸಿ, ಬಹುಕಾಲದಲ್ಲಿ ಜೇಡಿಯಾಗಿ ಮಾರ್ಪಡುತ್ತದೆ, ಇದು ರಸಾಯನಶಾಸ್ತ್ರ. ಹಾಗೆ ಶಿಥಿಲಗೊಂಡ ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಏರಿದಾಗ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಬಲ ಕುಗ್ಗುತ್ತದೆ, ಇದು ಭೌತಶಾಸ್ತ್ರ. ರಸ್ತೆಗೋ ಮನೆಯ ತಳಕ್ಕೋ ಇಳಿಜಾರಿನ ಬುಡವನ್ನು ಜೆಸಿಬಿಯಿಂದ ಕಡಿದಿದ್ದರೆ ಮೇಲಿನ ಭಾರಕ್ಕೆ ಆಸರೆಯೇ ಇರುವುದಿಲ್ಲ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೂ ಇಳಿಜಾರುಗಳನ್ನು ಮನುಷ್ಯರು ಬದಲಿಸಿದ್ದನ್ನು ಮುಖ್ಯ ಕಾರಣವಾಗಿ ಎತ್ತಿ ಹೇಳಿತ್ತು.

ಗಣಿತಕ್ಕಂತೂ ಕೊಡಗಿನಲ್ಲಿ ಪುಸ್ತಕವೇ ಬೇಡ. ಇಲ್ಲಿನ ಎಷ್ಟೋ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಮಳೆ ಅಳೆದು, ಇಂಚು–ಸೆಂಟಿನ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು) ಲೆಕ್ಕದಲ್ಲಿ ಡೈರಿಗೆ ಬರೆದಿಡುವ ರೂಢಿ ತಲೆಮಾರುಗಳಿಂದ ಬಂದಿದೆ. ನಾನೊಮ್ಮೆ ತರಗತಿಗೆ ಅಂಥ ಒಂದು ಹಳೆಯ ಡೈರಿ ತಂದಿದ್ದೆ. ಕಾಫಿ ಅರಳಿಸುವ ಹೂಮಳೆ ಬಂದ ದಿನದ ಕೆಳಗೆ ಕೆಂಪು ಗೆರೆ, ಜಡಿಮಳೆಯ ತಿಂಗಳಾದ ಕಕ್ಕಡದ ಪುಟಗಳಲ್ಲಿ ತೇವಕ್ಕೆ ಹರಡಿದ ಶಾಯಿ. ಒಂದು ಎಕರೆ ತೋಟದ ಮೇಲೆ ಒಂದಿಂಚು ಮಳೆ ಬಿದ್ದರೆ ಎಷ್ಟು ನೀರು ಎಂದು ಲೆಕ್ಕ ಹಾಕಿಸಿದೆ. ಸುಮಾರು 1,03,000 ಲೀಟರ್, ಅಂದರೆ ನೂರು ಟನ್ನಿಗೂ ಮಿಗಿಲು, ಎಂಬ ಉತ್ತರ ಬಂದಾಗ ಹಿಂದಿನ ಬೆಂಚಿನ ಹುಡುಗ ತಮ್ಮ ತೋಟದ ಎಕರೆಯನ್ನು ಅದಕ್ಕೆ ಗುಣಿಸತೊಡಗಿದ್ದ. ಇಂಥ ಡೈರಿಗಳನ್ನು ಸಂಗ್ರಹಿಸಿ, ಹತ್ತು ವರ್ಷದ ಸರಾಸರಿ ತೆಗೆದು, ಮಳೆಯು ಮೊದಲಿಗಿಂತ ಕಡಿಮೆ ದಿನಗಳಲ್ಲಿ ಒಟ್ಟೊಟ್ಟಿಗೆ ಸುರಿಯುತ್ತಿದೆಯೇ ಎಂದು ಪರೀಕ್ಷಿಸುವುದು ಪದವಿಯ ಸಂಖ್ಯಾಶಾಸ್ತ್ರದ ಕಡ್ಡಾಯ ಭಾಗವಾಗಬೇಕು.

ಬೆಟ್ಟದ ನಾಡಿನ ಮಕ್ಕಳಿಗೆ ಸಾಗರ ವಿಜ್ಞಾನ ಯಾಕೆ ಎಂಬ ಮಾತನ್ನೂ ಕೇಳಿದ್ದೇನೆ. ನಮಗೆ ಮಳೆ ತರುವ ಗಾಳಿ ಅರಬ್ಬೀ ಸಮುದ್ರದ ಮೇಲಿಂದಲೇ ಬರುತ್ತದೆ. ಜೋಡುಪಾಲದ ಕಡೆಯಿಂದ ಇಳಿಯುವ ಪಯಸ್ವಿನಿ ಸುಳ್ಯ ದಾಟಿ, ಚಂದ್ರಗಿರಿಯಾಗಿ, ಕಾಸರಗೋಡಿನಲ್ಲಿ ಅದೇ ಸಮುದ್ರ ಸೇರುತ್ತದೆ; ಕಾವೇರಿಯೋ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಎರಡು ಸಮುದ್ರಗಳಿಗೆ ನೀರು ಹಂಚುವ ದಿಣ್ಣೆಯ ಮೇಲೆ ಕುಳಿತವರು ನಾವು. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ, ಅಂದರೆ ಮಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ, ಸಾಗರ ಭೂವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ. ನಮ್ಮ ಪದವಿ ವಿದ್ಯಾರ್ಥಿಗಳು ಒಂದು ಹೊಳೆಯನ್ನು ಬೆಟ್ಟದ ತೊರೆಯಿಂದ ಸಮುದ್ರ ಸೇರುವ ಅಳಿವೆಯವರೆಗೆ ಹಿಂಬಾಲಿಸಿ, ನಾಲ್ಕೈದು ಕಡೆ ಬಾಟಲಿಯಲ್ಲಿ ನೀರು ಹಿಡಿದು, ಸೋಸಿ, ಒಣಗಿಸಿ, ಹೂಳನ್ನು ತೂಗಿ ನೋಡಿದರೆ ಭೂಮಿ, ನದಿ, ಸಾಗರ ಎಂಬ ಮೂರು ವಿಷಯಗಳು ಒಂದೇ ಪದವಿಯಲ್ಲಿ ಏಕಿರಬೇಕೆಂದು ಯಾರೂ ವಿವರಿಸಬೇಕಾಗುವುದಿಲ್ಲ.

ನೌಕರಿಯ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿ ಪರೀಕ್ಷೆ ಬರೆಯಲು ಸ್ನಾತಕೋತ್ತರ ಪದವಿ ಬೇಕು, ಬರಿಯ ಬಿ.ಎಸ್ಸಿ. ಸಾಲದು ಎಂಬುದನ್ನು ಮಕ್ಕಳಿಗೆ ಮೊದಲ ವರ್ಷವೇ ಹೇಳಬೇಕು.

ಹಾಗಾಗಿ ಪಠ್ಯ ಪರಿಷ್ಕರಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಈ ವಿಷಯಗಳ ಪದವಿಗೆ ಕನಿಷ್ಠ ನಾಲ್ಕು ವಾರಗಳ ಕ್ಷೇತ್ರಕಾರ್ಯವನ್ನು ಕಡ್ಡಾಯಗೊಳಿಸಿ, ಅದರಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗದೆ ಪದವಿ ಇಲ್ಲವೆಂದು ನಿಯಮ ಮಾಡಿ. ಖರ್ಚನ್ನು ವಿದ್ಯಾರ್ಥಿಗಳ ಮೇಲೆ ಹೊರಿಸಬೇಡಿ. ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಮನೆ ಕಟ್ಟಿಕೊಂಡ ಕುಟುಂಬದ ಮಕ್ಕಳೇ ಈ ವಿದ್ಯೆಯನ್ನು ಮೊದಲು ಕಲಿಯಬೇಕಾದವರು. ಮಳೆ ಜೋರಾದ ದಿನಗಳಲ್ಲಿ ಯಾರನ್ನೂ ಇಳಿಜಾರಿಗೆ ಕರೆದೊಯ್ಯುವುದು ಬೇಡ. ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಅದೇ ಬರೆಯನ್ನು ಅಳೆದರೆ ಸಾಕು.

ಅಮೆಜಾನಿನ ಬಗ್ಗೆ ಬರೆದಿದ್ದ ಆ ಹುಡುಗಿ ಮರುವಾರ ಬೇರೊಂದು ಹಾಳೆ ತಂದಿದ್ದಳು. ಅದರಲ್ಲಿ ಅವಳ ಮನೆ, ಬರೆಯ ಎತ್ತರ, ಮೇಲ್ಗಡೆ ತೋಟದಲ್ಲಿ ಕಂಡ ಬಿರುಕು, ಅದಕ್ಕೆ ಅಪ್ಪ ಹೊದಿಸಿದ್ದ ನೀಲಿ ಟಾರ್ಪಾಲ್ ಎಲ್ಲವೂ ಪೆನ್ಸಿಲ್‌ನಲ್ಲಿ ಇದ್ದವು. ಬಿರುಕಿನ ಪಕ್ಕ "17 ಹೆಜ್ಜೆ" ಎಂದು ಬರೆದಿದ್ದಳು. ಅವಳು ತಾನಾಗಿ ಹೋಗಿ ಅಳೆದುಕೊಂಡು ಬಂದಿದ್ದಳು.